ರಜೆಗೆ ಬರುವ ನೆಂಟರಿಗೆ ಮನೆ ಸಜ್ಜಾಗಿದೆಯೆ?

ಏಪ್ರಿಲ್ ಎರಡನೇ ವಾರ ಬಂತೆಂದರೆ ಸಾಕು, ಊರೂರ ಬಸ್ ನಿಲ್ದಾಣಗಳಲ್ಲಿ ಚೀಲ, ಸೂಟ್‌ಕೇಸುಗಳ ಸಮೇತ ಮಕ್ಕಳ ದಂಡು ಇಳಿಯತೊಡಗುತ್ತದೆ. ಮೈಸೂರು ಸೀಮೆಯವರಿಗೆ ಅದು ಬೇಸಿಗೆ ರಜೆ, ಧಾರವಾಡ, ವಿಜಯಪುರದ ಕಡೆಯವರಿಗೆ ಸೂಟಿ. ಹೆಸರು ಯಾವುದಾದರೇನು, ಅಜ್ಜಿ ಮನೆಯ ಅಂಗಳದ ಗದ್ದಲ ಒಂದೇ. ನಾಲ್ಕು ಮಂದಿಯ ಮನೆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಒಂಬತ್ತು ಮಂದಿಯ ಮನೆಯಾಗಿರುತ್ತದೆ. ಬಂದವರಿಗೆ ಸಂತೋಷ, ಬರಮಾಡಿಕೊಂಡವರಿಗೂ ಸಂತೋಷವೇ. ಆದರೆ ಮೂರನೆಯ ದಿನ ನಲ್ಲಿಯಲ್ಲಿ ನೀರಿನ ಬದಲು ಬರೀ ಗಾಳಿ ಬಂದಾಗ ಆ ಸಂತೋಷ ಕೊಂಚ ಬಾಡುವುದುಂಟು!

ನೆಂಟರು ಬರುವ ಮುಂಚೆ ಪರದೆ ಒಗೆಯುವುದು, ಜೇಡರ ಬಲೆ ತೆಗೆಯುವುದು, ಅಟ್ಟದ ಮೇಲಿನ ಹಾಸಿಗೆ, ಜಮಖಾನಗಳನ್ನು ಬಿಸಿಲಿಗೆ ಹಾಕುವುದು ಎಲ್ಲ ಮನೆಗಳಲ್ಲೂ ನಡೆದೇ ಇರುತ್ತದೆ. ಅದನ್ನು ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರೆತುಹೋಗುವುದು ಬೇರೆಯೇ ಸಂಗತಿಗಳು.

ನೀರಿನ ಲೆಕ್ಕ

ನೀರಿನ ಲೆಕ್ಕವನ್ನು ಮನೆಯ ವಿದ್ಯಾರ್ಥಿಗೇ ಒಪ್ಪಿಸಬಹುದು. ಒಳಚರಂಡಿ ಇರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರಿ ಮಾನದಂಡ. ನಾಲ್ವರಿಗೆ 540 ಲೀಟರ್ ಆಯಿತು. ತಾರಸಿಯ ಮೇಲಿನ ಸಾವಿರ ಲೀಟರ್ ಟ್ಯಾಂಕು ಸುಮಾರು ಎರಡು ದಿನ ಬಂತು. ಅದೇ ಒಂಬತ್ತು ಮಂದಿಯಾದರೆ? 1,215 ಲೀಟರ್! ಟ್ಯಾಂಕು ಒಂದು ದಿನಕ್ಕೂ ಸಾಲದು. ವಾರಕ್ಕೆರಡು ಬಾರಿ ನೀರು ಬಿಡುವ ಊರಾದರಂತೂ ಈ ಲೆಕ್ಕವನ್ನು ನೆಂಟರು ಬಸ್ಸು ಹತ್ತುವ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ಷವರ್ ಬಿಟ್ಟು ಬಕೆಟ್ಟಿನಲ್ಲಿ ಸ್ನಾನ ಮಾಡಿದರೆ, ತೊಟ್ಟಿಕ್ಕುವ ನಲ್ಲಿಗೆ ಒಂದು ವಾಷರ್ ಹಾಕಿಸಿದರೆ, ತರಕಾರಿ ತೊಳೆದ ನೀರನ್ನು ತುಳಸಿ ಗಿಡಕ್ಕೋ ಕರಿಬೇವಿಗೋ ಹಾಕಿದರೆ ಖರ್ಚು ಎಷ್ಟೋ ಇಳಿಯುತ್ತದೆ.

ನೀರಿನ ಅಭಾವವಿದ್ದಾಗ ಮನೆಯಲ್ಲಿರುವ ಹಂಡೆ, ಡ್ರಮ್ಮು, ಕೊಡಗಳೆಲ್ಲ ತುಂಬುತ್ತವೆ. ಇಲ್ಲೇ ಒಂದು ಅಪಾಯವಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ, ಶೇಖರಿಸಿಟ್ಟ ತಿಳಿನೀರೇ ಇಷ್ಟ. ಅದು ಕಚ್ಚುವುದೂ ಹೆಚ್ಚಾಗಿ ಹಗಲಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಹಾಗಾಗಿ ಪಾತ್ರೆಗಳಿಗೆಲ್ಲ ಮುಚ್ಚಳ ಬೇಕು, ವಾರಕ್ಕೊಮ್ಮೆ ಬರಿದುಮಾಡಿ ಒಳಗೋಡೆಯನ್ನು ತಿಕ್ಕಿ ತೊಳೆಯಲೇಬೇಕು. ಮೊಟ್ಟೆಗಳು ಅಂಟಿಕೊಂಡಿರುವುದು ಪಾತ್ರೆಯ ಗೋಡೆಗೆ. ಬರೀ ನೀರು ಚೆಲ್ಲಿದರೆ ಅವು ಹೋಗುವುದಿಲ್ಲ. ಕುಡಿಯುವ ನೀರನ್ನು ಮಾತ್ರ ಬೇರೆ ಇಟ್ಟು, ಕುದಿಸಿ ಆರಿಸಿ, ಉದ್ದ ಹಿಡಿಯ ಸೌಟಿನಿಂದ ತೆಗೆಯುವ ಅಭ್ಯಾಸವಿರಲಿ. ಬಂದ ಮಕ್ಕಳೆಲ್ಲ ಕೈಯದ್ದಿ ಲೋಟ ತುಂಬಿಕೊಳ್ಳುವ ಕೊಡದಿಂದಲೇ ಅರ್ಧ ರಜೆಯ ವಾಂತಿಭೇದಿ ಶುರುವಾಗುವುದು.

ಮಡಕೆಯ ನೀರಿನ ತಂಪಿಗೆ ಎದುರುಂಟೆ? ಆದರೆ ಇದರಲ್ಲೂ ಊರಿಂದೂರಿಗೆ ವ್ಯತ್ಯಾಸವಿದೆ. ಮಣ್ಣಿನ ಸಣ್ಣ ರಂಧ್ರಗಳಿಂದ ಹೊರಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಗಾಳಿ ಒಣಗಿರುವ ರಾಯಚೂರು, ಕಲಬುರಗಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಗಾಳಿಯೇ ತೇವದಿಂದ ತುಂಬಿರುವ ಮಂಗಳೂರು, ಕಾರವಾರದಲ್ಲಿ ಅಷ್ಟಾಗಿ ನಡೆಯದು. ಲಾವಂಚದ ಪರದೆಗೆ ನೀರು ಚಿಮುಕಿಸುವುದು, ನೀರು ಹಾಕುವ ಏರ್ ಕೂಲರ್, ಎಲ್ಲದರ ಕಥೆಯೂ ಇದೇ. ಬಯಲುಸೀಮೆಯ ನೆಂಟರ ಮನೆಯಲ್ಲಿ ಕೂಲರಿನ ಸುಖ ಕಂಡು ಕರಾವಳಿಯವರು ಒಂದನ್ನು ಕೊಂಡು ತಂದರೆ ಸೆಕೆ ಇನ್ನಷ್ಟು ಹೆಚ್ಚಿದಂತೆಯೇ! ಅಲ್ಲಿ ಬೇಕಾದದ್ದು ಎದುರುಬದುರು ಕಿಟಕಿಗಳ ಗಾಳಿ ಮತ್ತು ಒಂದು ಫ್ಯಾನು. ಬಯಲುಸೀಮೆಯಲ್ಲಾದರೆ ಹಗಲು ಕಿಟಕಿ ಮುಚ್ಚಿ ಪರದೆ ಎಳೆದು, ಸಂಜೆ ಹೊರಗಿನ ಗಾಳಿ ತಣ್ಣಗಾದ ಮೇಲೆ ಎಲ್ಲವನ್ನೂ ತೆರೆಯಬೇಕು. ಆರ್‌ಸಿಸಿ ತಾರಸಿಗೆ ಮಾರ್ಚಿನಲ್ಲೇ ಬಿಳಿ ಸುಣ್ಣ ಬಳಿದಿದ್ದರೆ ಕೆಳಗೆ ಮಲಗಿದವರು ಹರಸುತ್ತಾರೆ.

ಎಷ್ಟು ಬಂತು ಪರ್ಸೆಂಟು?

ನೆಂಟರು ಬರುವ ಈ ದಿನಗಳಲ್ಲೇ ಸಿಇಟಿ, ನೀಟ್ ಪರೀಕ್ಷೆಗಳೂ ಬರುತ್ತವೆ. ಪಿಯುಸಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬೀಳುವುದೂ ಸಾಮಾನ್ಯವಾಗಿ ಇದೇ ಏಪ್ರಿಲ್, ಮೇಯಲ್ಲಿ. ಮನೆ ಸಜ್ಜುಗೊಳಿಸುವುದೆಂದರೆ ಓದುವ ಹುಡುಗಿಯ ಕೋಣೆಯನ್ನು ನೆಂಟರಿಗೆ ಬಿಟ್ಟುಕೊಡುವುದು ಎಂದೇ ಅನೇಕ ತಾಯ್ತಂದೆಯರು ತಿಳಿದಿದ್ದಾರೆ. ಅವಳ ಪುಸ್ತಕಗಳು ಮಂಚದ ಕೆಳಗೆ ಹೋಗುತ್ತವೆ, ಅವಳು ಅಡುಗೆಮನೆಯ ಮೂಲೆಗೆ. “ನಾಲ್ಕು ದಿನ ತಾನೇ, ಹೊಂದಿಕೋ” ಎಂಬ ಮಾತು ಬೇರೆ. ಆ ನಾಲ್ಕು ದಿನಗಳು ಅವಳಿಗೆ ಎಂಥವು ಎಂಬುದು ಅವಳಿಗಷ್ಟೇ ಗೊತ್ತು. ನಡುಮನೆಯಲ್ಲಿ ಚಾಪೆ ಹಾಸಿ ಸಾಲಾಗಿ ಮಲಗುವುದರಲ್ಲಿ ನೆಂಟರಿಗೆ ಅವಮಾನವೇನಿಲ್ಲ. ಮಕ್ಕಳಿಗಂತೂ ಅದೇ ಹಬ್ಬ. ಕೋಣೆ ಒಂದೇ ಇದ್ದರೆ ಬೆಳಗಿನ ಐದರಿಂದ ಎಂಟರವರೆಗೆ ಅದು ಓದುವವರದ್ದು ಎಂದು ಮೊದಲ ದಿನವೇ ಹೇಳಿಬಿಡಬಹುದು. ಊರಿನ ಗ್ರಂಥಾಲಯವೋ ಪಕ್ಕದ ಮನೆಯ ಮಹಡಿಯೋ ಸಿಕ್ಕುವುದಾದರೆ ಅದನ್ನೂ ಗೊತ್ತುಮಾಡಿಟ್ಟುಕೊಳ್ಳಬಹುದು.

ಇನ್ನು ಅಂಕಗಳ ಮಾತು. ಊಟಕ್ಕೆ ಕುಳಿತ ಪಂಕ್ತಿಯಲ್ಲಿ ದೊಡ್ಡಪ್ಪನೋ ಸೋದರತ್ತೆಯೋ ಪ್ರೀತಿಯಿಂದಲೇ ಕೇಳುತ್ತಾರೆ, “ಎಷ್ಟು ಬಂತೋ ಪರ್ಸೆಂಟು?” ಎಂದು. ಎದುರಿಗೆ ಅದೇ ವರ್ಷ ಪರೀಕ್ಷೆ ಬರೆದು ತೊಂಬತ್ತೈದು ತೆಗೆದ ಅವರ ಮಗ ಕುಳಿತಿರುತ್ತಾನೆ. ಅನುತ್ತೀರ್ಣನಾಗಿ ಮತ್ತೆ ಪರೀಕ್ಷೆ ಕಟ್ಟಿದ ಹುಡುಗನಿಗೆ ಆ ಅನ್ನ ಗಂಟಲಿನಿಂದ ಇಳಿಯುವುದೆ? ತಾಯಿ ಫೋನಿನಲ್ಲಿ “ಯಾವಾಗ ಬರುತ್ತೀರಿ?” ಎಂದು ವಿಚಾರಿಸುವಾಗಲೇ ಇನ್ನೊಂದು ಮಾತು ಸೇರಿಸಿದರೆ ಕೆಲಸವಾಯಿತು: “ಅಣ್ಣಾ, ಇವನ ರಿಸಲ್ಟ್ ವಿಷಯ ಮಾತ್ರ ಎತ್ತಬೇಡ.” ಹೀಗೆ ಹೇಳಿದರೆ ಮುನಿಸಿಕೊಳ್ಳುವ ಅಣ್ಣಂದಿರು ವಿರಳ. ಇಷ್ಟಾಗಿಯೂ ಮಗು ಊಟ, ನಿದ್ದೆ ಬಿಟ್ಟು ಮಂಕಾಗಿದ್ದರೆ ನೆಂಟರ ಗಡಿಬಿಡಿಯಲ್ಲಿ ಅದನ್ನು ಕಡೆಗಣಿಸಬಾರದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ.

ಬಾವಿ, ಕೆರೆ, ಕೃಷಿ ಹೊಂಡ

ಪ್ರತಿ ಬೇಸಿಗೆಯಲ್ಲೂ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ: ರಜೆಗೆಂದು ಬಂದ ಬಾಲಕ ಈಜಲು ಹೋಗಿ ನೀರುಪಾಲು. ಸ್ಥಳೀಯ ಮಕ್ಕಳಿಗೆ ಕೆರೆಯ ಯಾವ ಬದಿಯಲ್ಲಿ ಕೆಸರಿದೆ, ಎಲ್ಲಿ ಮಣ್ಣು ತೆಗೆದ ಗುಂಡಿಯಿದೆ ಎಂಬುದು ಗೊತ್ತಿರುತ್ತದೆ. ಪಟ್ಟಣದಿಂದ ಬಂದ ಹುಡುಗನಿಗೆ ನೀರು ಕಂಡರೆ ಉತ್ಸಾಹವೊಂದೇ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಾದವು. ರೈತನಿಗೆ ಅವು ವರವೇ. ಆದರೆ ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದಾಗ ಪಾಚಿಗಲ್ಲಿನಷ್ಟೇ ಜಾರುತ್ತದೆ. ಒಳಗೆ ಇಳಿದವನು ಈಜು ಬಲ್ಲವನಾದರೂ ಆ ಇಳಿಜಾರನ್ನು ಹತ್ತಲಾರ, ಕೈಗೆ ಹಿಡಿಯಲು ಏನೂ ಇರುವುದಿಲ್ಲ.

ಆದ್ದರಿಂದ ಊರಿನ ಮನೆಯವರು ಹಪ್ಪಳ, ಸಂಡಿಗೆಯ ಡಬ್ಬ ತುಂಬುವ ಮುಂಚೆ ಒಮ್ಮೆ ಹೊಲದವರೆಗೆ ಹೋಗಿಬರಬೇಕು. ಹೊಂಡದ ಸುತ್ತ ಬೇಲಿಯಿದೆಯೆ? ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ, ಗಂಟು ಹಾಕಿದ ಹಗ್ಗವಿದೆಯೆ? ಬಾವಿಯ ಕಟ್ಟೆ ಗಟ್ಟಿಯಾಗಿದೆಯೆ? ಪಟ್ಟಣದಲ್ಲಾದರೆ ಅಂಗಳದ ಸಂಪಿನ ಮುಚ್ಚಳ ಭದ್ರವಾಗಿದೆಯೆ? ಮಕ್ಕಳು ಬಂದ ಸಂಜೆಯೇ ಎಲ್ಲರನ್ನೂ ಕರೆದೊಯ್ದು ಆ ಜಾಗಗಳನ್ನು ತೋರಿಸಿ, ದೊಡ್ಡವರಿಲ್ಲದೆ ಇಲ್ಲಿಗೆ ಬರಕೂಡದೆಂದು ಹೇಳುವುದು ಒಳ್ಳೆಯದು. ಗುಟ್ಟಾಗಿಟ್ಟರೆ ಅವರೇ ಹುಡುಕಿಕೊಂಡು ಹೋಗುತ್ತಾರೆ. ಮುಳುಗುವವರು ಸಿನಿಮಾದಲ್ಲಿಯಂತೆ ಕೂಗಿಕೊಳ್ಳುವುದಿಲ್ಲ, ಸದ್ದಿಲ್ಲದೆ ಮುಳುಗುತ್ತಾರೆ ಎಂಬುದನ್ನು ದೊಡ್ಡವರೂ ತಿಳಿದಿರಬೇಕು. ಗೆಳೆಯ ಮುಳುಗುತ್ತಿದ್ದರೆ ತಾನೂ ಧುಮುಕದೆ ಜೋರಾಗಿ ಕೂಗಬೇಕು. ಹಗ್ಗ, ಗಳ, ಸೀರೆ ಅಥವಾ ಬಾಯಿ ಮುಚ್ಚಿದ ಖಾಲಿ ಕ್ಯಾನು ಎಸೆಯಬೇಕು. ಇಷ್ಟನ್ನು ಮಕ್ಕಳಿಗೆ ಕಲಿಸಲು ಹತ್ತು ನಿಮಿಷ ಸಾಕು.

ಬಿಸಿಲಿಗೂ ಇದೇ ಎಚ್ಚರಿಕೆ ಬೇಕು. ಹನ್ನೆರಡರಿಂದ ಮೂರರವರೆಗೆ ಲಗೋರಿ, ಕ್ರಿಕೆಟ್ಟು ಬೇಡ. ಆ ಹೊತ್ತಿಗೆಂದೇ ಅಟ್ಟದಿಂದ ಅಳಗುಳಿಮಣೆ ಇಳಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದಿಟ್ಟರೆ ಮೊಬೈಲು ತಾನಾಗಿ ಮೂಲೆ ಸೇರಬಹುದು (ಸೇರದೆಯೂ ಇರಬಹುದು!). ವಾಂತಿಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಬಿಸಿಲಿನಲ್ಲಿದ್ದವರ ಮೈ ಕೆಂಡದಂತಾಗಿ ಮಾತು ತೊದಲಿದರೆ ಮನೆಮದ್ದಿಗೆ ಕಾಯದೆ ನೆರಳಿಗೆ ತಂದು, ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಬೇಕು.

ಊಟದ ವಿಷಯಕ್ಕೆ ಹೆಚ್ಚು ಹೇಳುವುದೇನಿದೆ? ಬಂದ ಕೂಡಲೇ ಬೆಲ್ಲ, ನೀರು. ಮಧ್ಯಾಹ್ನ ನೀರುಮಜ್ಜಿಗೆ, ಕೋಸಂಬರಿ. ಉತ್ತರ ಕನ್ನಡದವರಾದರೆ ಅಪ್ಪೆಹುಳಿ, ಕರಾವಳಿಯವರಿಗೆ ಪುನರ್ಪುಳಿ ಶರಬತ್ತು, ಬಯಲುಸೀಮೆಯವರಿಗೆ ರಾಗಿ ಅಂಬಲಿ. ಬೇಸಿಗೆಗೆ ಇವುಗಳಿಗಿಂತ ಒಗ್ಗುವ ಅಡುಗೆ ಬೇರಿಲ್ಲ. ದಿನಕ್ಕೊಂದು ಸಿಹಿ, ಎರಡು ಕರಿದ ತಿಂಡಿ ಆಗಲೇಬೇಕೆಂದು ಹಟ ಹಿಡಿದರೆ ರಜೆಯೆಲ್ಲ ಒಲೆಯ ಮುಂದೆ ಬೇಯುವವಳು ಮನೆಯಾಕೆ ಒಬ್ಬಳೇ. ಬಂದವರಿಗೂ ಕೈಗಳಿವೆಯಲ್ಲ! ಹುಡುಗರು ತಟ್ಟೆ ತೊಳೆಯಲಿ, ಅಳಿಯಂದಿರು ಕಾಯಿ ತುರಿಯಲಿ, ತರಕಾರಿ ಹೆಚ್ಚುವ ಈಳಿಗೆಮಣೆ ಮಾತ್ರ ಪುಟ್ಟ ಮಕ್ಕಳಿಗೆ ಸಿಗದಿರಲಿ. ಮಿಕ್ಕ ಅನ್ನ, ಸಾರು ಈ ಸೆಕೆಗೆ ಹೊರಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು.

ಕೊನೆಯದಾಗಿ ಹಿಂದಿರುಗುವ ಟಿಕೆಟ್ಟು. ಮೇ ಕೊನೆಯಲ್ಲಿ ಶಾಲೆ ತೆರೆಯುವ ಮುಂಚಿನ ಭಾನುವಾರ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ, ಬಸ್ಸು, ರೈಲುಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಬರುವಾಗಲೇ ಹೋಗುವ ಟಿಕೆಟ್ಟನ್ನೂ ಕೊಂಡುಬರುವಂತೆ ಹೇಳಿದರೆ ನೆಂಟರು ತಪ್ಪು ತಿಳಿಯುತ್ತಾರೇನೋ ಎಂಬ ಅಳುಕು ಬೇಡ. ಹಲಸಿನ ಹಪ್ಪಳದ ಕಟ್ಟು, ಮಾವಿನಮಿಡಿ ಉಪ್ಪಿನಕಾಯಿಯ ಜಾಡಿ ಕೈಗೆ ಕೊಟ್ಟೊಡನೆ ಆ ಮಾತು ಮರೆತೇಹೋಗುತ್ತದೆ.