ಸೆಕೆಂಡಿಗೆ ಒಂದರಂತೆ ಎಣಿಸಿದರೂ 3,000 ವರ್ಷ!

ಮೋಡವಿಲ್ಲದ ಅಮಾವಾಸ್ಯೆಯ ರಾತ್ರಿ, ಊರಿನ ದೀಪಗಳಿಂದ ದೂರ ಹೋಗಿ ತಲೆಯೆತ್ತಿದರೆ ಬರಿಗಣ್ಣಿಗೆ ಎಷ್ಟು ನಕ್ಷತ್ರ ಕಂಡಾವು? ಹೆಚ್ಚೆಂದರೆ 3,000. ನಮ್ಮ ಆಕಾಶಗಂಗೆಯಲ್ಲಿ ಇರುವುದೆಷ್ಟು? ಕಡಿಮೆಯೆಂದರೂ 10,000 ಕೋಟಿ! 40,000 ಕೋಟಿ ಇದ್ದೀತು ಎನ್ನುವ ಖಗೋಳವಿಜ್ಞಾನಿಗಳೂ ಇದ್ದಾರೆ. ಊಟ ನಿದ್ದೆ ಬಿಟ್ಟು ಸೆಕೆಂಡಿಗೆ ಒಂದರಂತೆ ಎಣಿಸಿದರೆ 10,000 ಕೋಟಿ ಮುಗಿಯಲು ಬೇಕಾದದ್ದು ಸುಮಾರು 3,170 ವರ್ಷ. ಬುದ್ಧ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಎಣಿಸಲು ಕೂತವನು ಈಗಷ್ಟೇ ಎದ್ದು ಮೈ ಮುರಿಯುತ್ತಿದ್ದ. 40,000 ಕೋಟಿಯ ಲೆಕ್ಕವೇ ನಿಜವಾದರೆ ಪಾಪ, ಅವನಿಗೆ ಇನ್ನೂ 9,500 ವರ್ಷದ ಕೆಲಸ ಬಾಕಿ!

ಯುರೋಪಿನ ಗಾಯಾ ವ್ಯೋಮನೌಕೆ 2013ರಲ್ಲಿ ಮೇಲೇರಿದ್ದು ಈ ಲೆಕ್ಕಕ್ಕಾಗಿಯೇ. 2022ರಲ್ಲಿ ಹೊರಬಂದ ಅದರ ಪಟ್ಟಿಯಲ್ಲಿ ಸುಮಾರು 180 ಕೋಟಿ ಚುಕ್ಕಿಗಳಿವೆ. ಓದಿ ಮುಗಿಸಲು ಒಂದು ಜೀವಮಾನ ಬೇಕು. ಹಾಗಿದ್ದೂ ಅದು ಒಟ್ಟಿನಲ್ಲಿ ನೂರಕ್ಕೆ ಎರಡು ಪಾಲೂ ಆಗಲಿಲ್ಲ.

ಒಂದೊಂದು ಚುಕ್ಕಿಯೂ ಒಂದೊಂದೇ ನಕ್ಷತ್ರ ಎಂದುಕೊಳ್ಳಬೇಡಿ. ಏಪ್ರಿಲ್-ಮೇ ತಿಂಗಳ ರಾತ್ರಿ ಕರ್ನಾಟಕದಿಂದ ದಕ್ಷಿಣಕ್ಕೆ ನೋಡಿದರೆ ದಿಗಂತದಿಂದ ಸ್ವಲ್ಪ ಮೇಲೆ ಒಂದು ಮಸುಕು ಚುಕ್ಕಿ ಕಾಣುತ್ತದೆ. ಹೆಸರು ಒಮೇಗಾ ಸೆಂಟಾರಿ. ಪ್ರಾಚೀನ ಖಗೋಳವಿಜ್ಞಾನಿ ಟಾಲೆಮಿ ಅದನ್ನು ಒಂದು ನಕ್ಷತ್ರವೆಂದೇ ಬರೆದಿಟ್ಟಿದ್ದ. ಅಲ್ಲಿರುವುದು ಸುಮಾರು ಒಂದು ಕೋಟಿ ನಕ್ಷತ್ರ! ಅಂಥ ಗುಚ್ಛಗಳು ಆಕಾಶಗಂಗೆಯ ಸುತ್ತ 150ಕ್ಕೂ ಹೆಚ್ಚಿವೆ.

ಇನ್ನು ಅಗಲ. ಬೆಳಕು ಒಂದು ಸೆಕೆಂಡಿನಲ್ಲಿ ಭೂಮಿಯನ್ನು ಏಳೂವರೆ ಸುತ್ತು ಹಾಕಬಲ್ಲದು. ಆ ಬೆಳಕಿಗೇ ಆಕಾಶಗಂಗೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಸುಮಾರು 1 ಲಕ್ಷ ವರ್ಷ! ಕಿಲೋಮೀಟರಿನಲ್ಲಿ ಬರೆದರೆ 9ರ ಮುಂದೆ ಇನ್ನೂ 17 ಅಂಕಿ. 1977ರ ಸೆಪ್ಟೆಂಬರ್ 5ರಂದು ಹೊರಟ ವಾಯೇಜರ್-1 ನೌಕೆ ಸೆಕೆಂಡಿಗೆ 17 ಕಿ.ಮೀ. ವೇಗದಲ್ಲಿ ಹೆಚ್ಚುಕಡಿಮೆ ಅರ್ಧ ಶತಮಾನ ಓಡಿದೆ. ಅಷ್ಟೂ ದೂರ ಬೆಳಕಿಗೆ ಸುಮಾರು ಒಂದು ದಿನದ ದಾರಿ. ಅದೇ ವೇಗದಲ್ಲಿ ಆಕಾಶಗಂಗೆಯನ್ನು ದಾಟಲು 170 ಕೋಟಿ ವರ್ಷಕ್ಕೂ ಹೆಚ್ಚು ಬೇಕು.

ಇಷ್ಟು ಅಗಲಕ್ಕೆ ದಪ್ಪ ಮಾತ್ರ ಸುಮಾರು 1,000 ಜ್ಯೋತಿರ್ವರ್ಷ, ಅಂದರೆ ಬೆಳಕಿಗೆ 1,000 ವರ್ಷದ ದಾರಿ. ಒಂದಡಿ ಅಗಲದ ದೋಸೆ ಹುಯ್ದರೆ ಅದರ ದಪ್ಪ 3 ಮಿಲಿಮೀಟರ್ ಇರಬೇಕು, ಆ ಲೆಕ್ಕ. ನಡುವೆ ಉಬ್ಬು, ಉಬ್ಬಿಗೆ ಅಡ್ಡಲಾಗಿ ನಕ್ಷತ್ರಗಳ ಪಟ್ಟಿ, ಅಲ್ಲಿಂದ ಸುರುಳಿ ಬಿಚ್ಚುವ ತೋಳುಗಳು. ಕೇಂದ್ರದಿಂದ 26,000 ಜ್ಯೋತಿರ್ವರ್ಷ ದೂರದ ಒಂದು ಕಿರುತೋಳಿನಲ್ಲಿ ನಾವು.

ನಾವೇನು ಸುಮ್ಮನೆ ಕೂತಿಲ್ಲ. ಸೂರ್ಯ ತನ್ನ ಸಂಸಾರವನ್ನೆಲ್ಲ ಕಟ್ಟಿಕೊಂಡು ಕೇಂದ್ರದ ಸುತ್ತ ಸೆಕೆಂಡಿಗೆ ಸುಮಾರು 220 ಕಿ.ಮೀ. ಓಡುತ್ತಿದ್ದಾನೆ. ಆ ವೇಗಕ್ಕೆ ಭೂಮಿಯನ್ನು ಒಂದು ಸುತ್ತು ಹಾಕಲು 3 ನಿಮಿಷ ಸಾಕು. ನೀವು ಈ ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಸಾವಿರಾರು ಕಿಲೋಮೀಟರ್ ಸಾಗಿರುತ್ತೀರಿ! ಆದರೂ ಒಂದು ಸುತ್ತಿಗೆ ಸುಮಾರು 23 ಕೋಟಿ ವರ್ಷ. 460 ಕೋಟಿ ವರ್ಷದ ಆಯುಸ್ಸಿನಲ್ಲಿ ಸೂರ್ಯ ಹಾಕಿದ್ದು ಬರೀ 20 ಸುತ್ತು. ಡೈನೋಸಾರ್‌ಗಳು ಅಳಿದ ಮೇಲೆ ಮೂರನೇ ಒಂದು ಸುತ್ತೂ ಆಗಿಲ್ಲ. ಮನುಷ್ಯಕುಲ ನೋಡಿರುವುದಂತೂ ಒಂದು ಸುತ್ತನ್ನು 700 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ!

ಸೂರ್ಯನ ಓಟವೇ ನಿಧಾನ ಎನಿಸುವ ಜಾಗ ಕೇಂದ್ರದಲ್ಲಿದೆ. ಮೂಲಾ ನಕ್ಷತ್ರದಿಂದ ಸ್ವಲ್ಪ ಆಚೆ, ಧನು ರಾಶಿಯ ಕಡೆಗೆ ಕಣ್ಣು ಹಾಯಿಸಿದರೆ ನೀವು ನೋಡುತ್ತಿರುವುದು ಆ ದಿಕ್ಕನ್ನೇ. ಅಲ್ಲಿ 43 ಲಕ್ಷ ಸೂರ್ಯರಷ್ಟು ತೂಗುವ ಕಪ್ಪುಕುಳಿ ಕೂತಿದೆ. ಅದರ ಅಗಲವೋ, 18 ಸೂರ್ಯರನ್ನು ಸಾಲಾಗಿ ಜೋಡಿಸಿದಷ್ಟು! ಇಷ್ಟು ಸಣ್ಣ ಜಾಗದಲ್ಲಿ ಅಷ್ಟು ತೂಕ. ಎಸ್2 ಎಂಬ ನಕ್ಷತ್ರ 16 ವರ್ಷಕ್ಕೊಮ್ಮೆ ಅದನ್ನು ಸುತ್ತುತ್ತದೆ. 2018ರ ಮೇ ತಿಂಗಳಲ್ಲಿ ಅತಿ ಹತ್ತಿರಕ್ಕೆ ಬಂದಾಗ ಅದರ ವೇಗ ಸೆಕೆಂಡಿಗೆ 7,600 ಕಿ.ಮೀ. ಮೀರಿತ್ತು. ಆ ವೇಗಕ್ಕೆ ಬೆಂಗಳೂರಿನಿಂದ ದೆಹಲಿಗೆ ಕಾಲು ಸೆಕೆಂಡು. ಇಂಥ ನಕ್ಷತ್ರಗಳ ಬೆನ್ನುಬಿದ್ದು ದಶಕಗಟ್ಟಲೆ ಕಾದ ರೈನ್‌ಹಾರ್ಡ್ ಗೆನ್ಜೆಲ್ ಮತ್ತು ಆಂಡ್ರಿಯಾ ಗೆಜ್ 2020ರ ನೊಬೆಲ್ ಹಂಚಿಕೊಂಡರು. 2022ರಲ್ಲಿ ಕಪ್ಪುಕುಳಿಯ ಚಿತ್ರವೇ ಸಿಕ್ಕಿತು.

43 ಲಕ್ಷ ಸೂರ್ಯರ ತೂಕ ದೊಡ್ಡದೆನ್ನಿಸಿತೇ? ಇಡೀ ಆಕಾಶಗಂಗೆಯ ಲೆಕ್ಕಕ್ಕೆ ಅದು ಯಾತಕ್ಕೂ ಸಾಲದು. ಸೂರ್ಯನೊಬ್ಬನೇ 3,33,000 ಭೂಮಿಗಳಷ್ಟು ತೂಗುತ್ತಾನೆ. ಅಂಥ ಸೂರ್ಯರು ಸುಮಾರು ಒಂದು ಲಕ್ಷ ಕೋಟಿ ಸೇರಿದರೆ ಆಕಾಶಗಂಗೆಯ ತೂಕ. ಅದರಲ್ಲಿ ನಕ್ಷತ್ರ, ಗ್ರಹ, ಅನಿಲ, ಧೂಳು ಎಲ್ಲವನ್ನೂ ಒಟ್ಟು ಹಾಕಿದರೂ ನೂರಕ್ಕೆ ಹತ್ತು ಪಾಲಿನ ಆಸುಪಾಸು. ಮಿಕ್ಕಿದ್ದೆಲ್ಲ ಕಪ್ಪುದ್ರವ್ಯ! ಬೆಳಕು ಚೆಲ್ಲದೆ, ಬೆಳಕನ್ನು ತಡೆಯದೆ, ಯಾವ ದೂರದರ್ಶಕಕ್ಕೂ ನೇರವಾಗಿ ಸಿಕ್ಕದೆ, ಅದು ನಕ್ಷತ್ರಗಳ ಈ ತಟ್ಟೆಗಿಂತ ಹತ್ತು ಪಟ್ಟಿಗೂ ಹೆಚ್ಚು ಅಗಲಕ್ಕೆ ಹರಡಿಕೊಂಡಿದೆ.