ಅನಾರ್ಕಲಿಯನ್ನು ನಂಬಿದ ಪ್ರೇಕ್ಷಕರು

ಕೆ. ಆಸಿಫ್ ನಿರ್ದೇಶನದ ‘ಮೊಘಲ್-ಎ-ಆಜಂ’ 1960ರ ಆಗಸ್ಟ್ 5ರಂದು ತೆರೆಕಂಡಿತು. ಪೃಥ್ವಿರಾಜ್ ಕಪೂರ್ ಅಕ್ಬರನಾಗಿ, ದಿಲೀಪ್ ಕುಮಾರ್ ಅವನ ಮಗ ಸಲೀಮನಾಗಿ, ಮಧುಬಾಲಾ ಸಲೀಮ್ ಪ್ರೀತಿಸುವ ದಾಸಿ ಅನಾರ್ಕಲಿಯಾಗಿ ನಟಿಸಿದ್ದರು. ಮುಂಬೈನ ಮರಾಠಾ ಮಂದಿರ್ ಚಿತ್ರಮಂದಿರಕ್ಕೆ ರೀಲುಗಳು ಬಂದದ್ದು ಸಿಂಗರಿಸಿದ ಆನೆಯ ಮೇಲೆ. ಮುಂಗಡ ಟಿಕೆಟ್‌ಗಾಗಿ ಜನ ಹಗಲು ರಾತ್ರಿ ಸಾಲುಗಟ್ಟಿ ನಿಂತರು. ಜಾಗ ಕೈತಪ್ಪಬಾರದೆಂದು ಕೆಲವರು ಮನೆಯವರು ತಂದುಕೊಟ್ಟ ಊಟವನ್ನು ಸಾಲಿನಲ್ಲೇ ಮುಗಿಸಿದರು. ನೂಕುನುಗ್ಗಲು ತಡೆಯಲು ಪೊಲೀಸರು ಬರಬೇಕಾಯಿತು. ಈ ಚಿತ್ರದ ಗಳಿಕೆಯ ದಾಖಲೆಯನ್ನು ಮುರಿದದ್ದು 1975ರಲ್ಲಿ ಬಂದ ‘ಶೋಲೆ’.

ಕಥೆಯೇನೂ ಹೊಸದಾಗಿರಲಿಲ್ಲ. ಅಕ್ಬರನ ಕಾಲದ ಆಸ್ಥಾನ ಚರಿತ್ರೆಗಳಲ್ಲಿ ಅನಾರ್ಕಲಿಯ ಸುಳಿವಿಲ್ಲ. ದಂತಕಥೆಯಾಗಿ ಉಳಿದಿದ್ದ ಅವಳನ್ನು ಇಮ್ತಿಯಾಜ್ ಅಲಿ ತಾಜ್ 1922ರ ಉರ್ದು ನಾಟಕದಲ್ಲಿ ಜನಪ್ರಿಯಗೊಳಿಸಿದರು. 1953ರ ‘ಅನಾರ್ಕಲಿ’ ಚಿತ್ರವನ್ನೂ ಜನ ಮೆಚ್ಚಿದ್ದರು. ಹಾಗಾಗಿ ಮುಂದೇನಾಗುತ್ತದೆ ಎಂಬ ಕುತೂಹಲಕ್ಕಿಂತ, ಗೊತ್ತಿರುವ ಕಥೆಯನ್ನು ಹೇಗೆ ತೋರಿಸಿದ್ದಾರೆ ಎಂಬುದೇ ಪ್ರೇಕ್ಷಕರನ್ನು ಸೆಳೆಯಿತು.

ಮೊದಲ ಸೆಳೆತ ಮಾತು. ಉರ್ದುವಿನ ಗತ್ತಿರುವ ಸಂಭಾಷಣೆಗಳನ್ನು ಜನ ಬಾಯಿಪಾಠ ಮಾಡಿಕೊಂಡರು. ಒಂದೊಂದು ಶಬ್ದದ ಅರ್ಥ ತಿಳಿಯದವರಿಗೂ ಪೃಥ್ವಿರಾಜರ ಗಡಸು ದನಿಯಲ್ಲಿ ಸಾಮ್ರಾಟನ ಅಧಿಕಾರ ಕೇಳಿಸುತ್ತಿತ್ತು.

ಎರಡನೆಯದು ವೈಭವ. ಕಪ್ಪು-ಬಿಳುಪಿನಲ್ಲಿ ಸಾಗುತ್ತಿದ್ದ ಚಿತ್ರ ಶೀಶ್ ಮಹಲ್ ದೃಶ್ಯಕ್ಕೆ ಬರುತ್ತಲೇ ಬಣ್ಣಕ್ಕೆ ತಿರುಗುತ್ತದೆ. ‘ಪ್ಯಾರ್ ಕಿಯಾ ತೊ ಡರ್ನಾ ಕ್ಯಾ’ ಹಾಡಿಗೆ ಅನಾರ್ಕಲಿ ಆಸ್ಥಾನದ ನಡುವೆ ನರ್ತಿಸುತ್ತಾಳೆ. ಅಕ್ಬರ್ ತಲೆಯೆತ್ತಿ ನೋಡಿದರೆ ಚಾವಣಿಯ ಕನ್ನಡಿ ಚೂರುಗಳಲ್ಲೆಲ್ಲ ಅವಳದೇ ಬಿಂಬ. ಎತ್ತ ತಿರುಗಿದರೂ ಅವಳನ್ನು ಕಾಣದಿರಲು ಸಾಧ್ಯವಿಲ್ಲ. ದಾಸಿಯೊಬ್ಬಳ ದಿಟ್ಟತನವನ್ನು ಇಲ್ಲಿ ಮಾತಿಗಿಂತ ಸೆಟ್ಟೇ ಹೆಚ್ಚು ಹೇಳುತ್ತದೆ. ಈ ಸೆಟ್ ಕಟ್ಟಲು ಸುಮಾರು ಎರಡು ವರ್ಷ ಹಿಡಿದಿತ್ತು.

ಮೂರನೆಯದು ಅಪ್ಪ-ಮಗನ ಜಗಳ. ಪ್ರೇಮಕ್ಕಾಗಿ ದಂಗೆಯೇಳುವ ಸಲೀಮನ ಪರ ನಿಂತ ಪ್ರೇಕ್ಷಕರು ಅಕ್ಬರನನ್ನೂ ದ್ವೇಷಿಸುವುದಿಲ್ಲ. ಅನಾರ್ಕಲಿಯನ್ನು ಜೀವಂತ ಗೋಡೆಯೊಳಗೆ ಸೇರಿಸುವುದು ದಂತಕಥೆಯ ಕೊನೆ. ಆಸಿಫ್ ಅದನ್ನು ಬದಲಿಸಿದರು. ಹಿಂದೆ ಅವಳ ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದ ಅಕ್ಬರ್ ಅವಳನ್ನು ಗುಟ್ಟಾಗಿ ಸುರಂಗದ ಮೂಲಕ ಕಳಿಸಿಬಿಡುತ್ತಾನೆ. ಪ್ರೇಮಿಗಳು ಸೇರುವುದಿಲ್ಲ, ಆದರೆ ಸಾಮ್ರಾಟನ ಘನತೆಯೂ ಕುಂದುವುದಿಲ್ಲ.

ಕಾಲವೂ ಚಿತ್ರಕ್ಕೆ ಒತ್ತಾಸೆಯಾಗಿತ್ತು. ದೇಶವಿಭಜನೆಯಾಗಿ ಆಗಿನ್ನೂ 13 ವರ್ಷ. ಕಥೆಯ ಸೂತ್ರಧಾರ ಹಿಂದೂಸ್ತಾನವೇ. ಜನ್ಮಾಷ್ಟಮಿಯಂದು ಅಕ್ಬರ್ ಬಾಲಕೃಷ್ಣನ ತೊಟ್ಟಿಲು ತೂಗುತ್ತಾನೆ. ಹದಿನಾರನೆಯ ಶತಮಾನದ ಅರಮನೆಯಲ್ಲಿ ಆಗಿನ ಪ್ರೇಕ್ಷಕರು ತಮ್ಮ ಕಾಲದ ಸೌಹಾರ್ದದ ಆಸೆಯನ್ನೂ ಕಂಡರು.

ನಂತರದ ಪೀಳಿಗೆಗಳ ನೋಟ ಬೇರೆ. 2004ರ ನವೆಂಬರ್‌ನಲ್ಲಿ ಇಡೀ ಚಿತ್ರ ಬಣ್ಣದಲ್ಲಿ ಮರುಬಿಡುಗಡೆಯಾದಾಗ ಹೊಸಬರು ಚಿತ್ರಮಂದಿರಕ್ಕೆ ಬಂದರು. ಕಪ್ಪು-ಬಿಳುಪಿನ ನೆರಳು ಬೆಳಕನ್ನು ಮೆಚ್ಚಿದ್ದ ಕೆಲವರಿಗೆ ಇದು ರುಚಿಸಲಿಲ್ಲ. ಎಲ್ಲವೂ ಬಣ್ಣವಾದ ಮೇಲೆ ಶೀಶ್ ಮಹಲಿನ ಬೆರಗು ತಗ್ಗುತ್ತದೆಂಬ ಆಕ್ಷೇಪದಲ್ಲಿ ಹುರುಳಿತ್ತು. 2006ರಲ್ಲಿ ಚಿತ್ರ ಪಾಕಿಸ್ತಾನದ ಚಿತ್ರಮಂದಿರಗಳಿಗೂ ಹೋಯಿತು. ಫಿರೋಜ್ ಅಬ್ಬಾಸ್ ಖಾನ್ 2016ರಲ್ಲಿ ಇದನ್ನೇ ಸಂಗೀತ ನಾಟಕವಾಗಿ ರಂಗಕ್ಕೆ ತಂದರು. ಇಂದಿನ ನೋಡುಗರಿಗೆ ಸಂಭಾಷಣೆ ನಾಟಕೀಯವೆನಿಸಬಹುದು, ಮೂರು ಗಂಟೆ ಮೀರುವ ಓಟ ನಿಧಾನವೆನಿಸಬಹುದು. ಹಾಗಿದ್ದರೂ ಅಧಿಕಾರದ ಎದುರು ಪ್ರೇಮ ತಲೆಬಾಗದ ಗಳಿಗೆಗಳನ್ನು ಅವರೂ ಮೆಚ್ಚುತ್ತಾರೆ. ಐತಿಹಾಸಿಕ ಚಿತ್ರದಿಂದ ಪ್ರೇಕ್ಷಕರು ಬಯಸುವುದು ದಾಖಲೆಯ ನಿಖರತೆಗಿಂತ ಭಾವದ ಸತ್ಯವನ್ನು ಎಂಬುದಕ್ಕೆ ಈ ದೀರ್ಘ ಜನಪ್ರಿಯತೆಯೇ ಪುರಾವೆ.