ಕತ್ತು ಬೋಳು ಕೋಳಿ: ಮರಿಗಳ ಲೆಕ್ಕ ಮೊದಲೇ ಹಾಕಬಹುದು

ನಮ್ಮ ಪಾವಗಡ ಕಡೆ ಬೇಸಿಗೆ ಅಂದರೆ ಕೋಳಿಗಳು ಬಾಯಿ ಬಿಟ್ಟುಕೊಂಡು ತೇಕುತ್ತವೆ, ಮೊಟ್ಟೆ ನಿಲ್ಲಿಸುತ್ತವೆ. ಕತ್ತಿನಲ್ಲಿ ಪುಕ್ಕ ಇಲ್ಲದ ಕೋಳಿ ಸೆಕೆ ತಡೆಯುತ್ತೆ ಅಂತ ಸಂತೆಯಿಂದ ಒಂದು ಬೋಳು ಕತ್ತಿನ ಹುಂಜ ತಂದೆ. ಮನೆಯ ಹೇಂಟೆಗಳೆಲ್ಲ ಪುಕ್ಕದವು. ಕಾವಿಗೆ ಕೂರಿಸಿದ 12 ಮೊಟ್ಟೆಯಲ್ಲಿ 10 ಮರಿಯಾದವು. ಆರು ಬೋಳು, ನಾಲ್ಕಕ್ಕೆ ಕತ್ತಿನ ತುಂಬ ಪುಕ್ಕ! ಪಕ್ಕದ ಮನೆಯ ಹುಂಜದ್ದೇ ಈ ಕೆಲಸ ಅಂತ ಅವರ ಮೇಲೆ ರೇಗಾಡಿದೆ. ಎರಡು ತಿಂಗಳು ಮಾತು ಬಿಟ್ಟೆವು.

ಆಮೇಲೆ ಮಗಳ ಹತ್ತನೇ ತರಗತಿ ಪುಸ್ತಕದಲ್ಲಿ ಮೆಂಡೆಲ್ ಎಂಬ ಪಾದ್ರಿಯ ಬಟಾಣಿ ಪಾಠ ಓದಿದೆ. ಉದ್ದ ಗಿಡಕ್ಕೂ ಗಿಡ್ಡ ಗಿಡಕ್ಕೂ ಅಡ್ಡತಳಿ ಮಾಡಿದಾಗ ಮೊದಲ ಸಲ ಎಲ್ಲವೂ ಉದ್ದ ಬಂದವಂತೆ. ಅವುಗಳ ಬೀಜ ಬಿತ್ತಿದರೆ 787 ಉದ್ದ, 277 ಗಿಡ್ಡ. ಅಂದರೆ ಗಿಡ್ಡ ಗುಣ ಸತ್ತಿರಲಿಲ್ಲ, ಅಡಗಿತ್ತು. 1866ರಲ್ಲಿ ಅಚ್ಚಾದ ಈ ಲೆಕ್ಕವೇ ನನ್ನ ಕೋಳಿಗೂ ಹೊಂದುತ್ತೆ.

ಪ್ರತಿ ಕೋಳಿಯಲ್ಲೂ ಕತ್ತಿನ ಗುಣಕ್ಕೆ ಎರಡು ಕಾಳು ಇವೆ ಅಂದುಕೊಳ್ಳಿ. ಒಂದು ಅಪ್ಪನದು, ಒಂದು ಅವ್ವನದು. ಬೋಳಿಗೆ ಅವರೆಕಾಳು, ಪುಕ್ಕಕ್ಕೆ ಹುರುಳಿ. ಎರಡೂ ಅವರೆಯಾದರೆ ಕತ್ತು ಪೂರಾ ಬೋಳು. ಒಂದು ಅವರೆ, ಒಂದು ಹುರುಳಿಯಾದರೂ ಕತ್ತು ಬೋಳೇ, ಆದರೆ ಮುಂದುಗಡೆ ಕೆಳಗೆ ಒಂದು ಗೊಂಚಲು ಪುಕ್ಕ ಉಳಿಯುತ್ತೆ. ಬಟಾಣಿಯಲ್ಲಿ ಅಡಗಿದ್ದು ಕಾಣದು, ಕೋಳಿಯಲ್ಲಿ ಕಣ್ಣಿಗೇ ಕಾಣುತ್ತೆ. ಮೊಟ್ಟೆಯೊಡೆದ ದಿನವೇ ಮರಿಯ ಕತ್ತು ನೋಡಿ ಹೇಳಬಹುದು.

ಹೋಗಿ ಹುಂಜ ಹಿಡಿದು ನೋಡಿದೆ. ಗೊಂಚಲಿತ್ತು! ಅದು ಕೆಲವು ಮರಿಗೆ ಅವರೆ ಕೊಡುತ್ತೆ, ಕೆಲವಕ್ಕೆ ಹುರುಳಿ. ಪುಕ್ಕದ ಹೇಂಟೆ ಕೊಡುವುದು ಹುರುಳಿ ಮಾತ್ರ. ಹಾಗಾಗಿ ಅರ್ಧ ಗೊಂಚಲಿನವು, ಅರ್ಧ ಪುಕ್ಕದವು ಬರಬೇಕಾದ್ದೇ. ಪಕ್ಕದ ಮನೆ ಹುಂಜವನ್ನು ಅನುಮಾನಿಸುವ ಅಗತ್ಯವೇ ಇರಲಿಲ್ಲ.

ಗೊಂಚಲಿನ ಹೇಂಟೆಗಳಿಗೆ ಬೇರೆ ಊರಿಂದ ತಂದ ಗೊಂಚಲಿನ ಹುಂಜ ಬಿಟ್ಟೆ. (ಅಪ್ಪ-ಮಗಳನ್ನು ಕೂಡಿಸುತ್ತಾ ಹೋದರೆ ತಳಿ ಸೊರಗುತ್ತೆ.) ಲೆಕ್ಕದ ಪ್ರಕಾರ ನಾಲ್ಕರಲ್ಲಿ ಒಂದು ಪೂರಾ ಬೋಳು, ಎರಡು ಗೊಂಚಲು, ಒಂದು ಪುಕ್ಕ. ನನಗೆ 28 ಮರಿಯಲ್ಲಿ 5 ಪೂರಾ ಬೋಳು, 16 ಗೊಂಚಲು, 7 ಪುಕ್ಕ ಬಂದವು. ಒಂದೇ ಕಾವಿನಲ್ಲಿ ಲೆಕ್ಕ ಸರಿ ಬರಲಿಲ್ಲ ಅಂತ ಬೇಸರ ಬೇಡ. ಇದು ಕಣ್ಣು ಮುಚ್ಚಿ ಕಾಳು ಎತ್ತಿದ ಹಾಗೆ, ಮರಿ ಹೆಚ್ಚಿದಷ್ಟೂ ಲೆಕ್ಕಕ್ಕೆ ಹತ್ತಿರ ಬರುತ್ತೆ.

ನಮಗೆ ಬೇಕಾದ್ದು ಪೂರಾ ಬೋಳು ಹುಂಜ. ಅದು ಅವರೆ ಬಿಟ್ಟು ಬೇರೆ ಕೊಡಲಾರದು. ಯಾವ ಹೇಂಟೆಗೆ ಬಿಟ್ಟರೂ ಒಂದು ಮರಿಯೂ ಪುಕ್ಕದ ಕತ್ತಿನದಾಗದು. ಗೊಂಚಲಿನ ಕೋಳಿಗೆ ಮೈಮೇಲಿನ ಪುಕ್ಕ ಶೇಕಡಾ 20-30 ಕಡಿಮೆ, ಪೂರಾ ಬೋಳಿಗೆ ಸುಮಾರು 40 ಕಡಿಮೆ. ಮೈಕಾವು ಸುಲಭವಾಗಿ ಹೊರಹೋಗುತ್ತೆ.

ಹುಂಜ ಬದಲಿಸಿದ ಕೂಡಲೇ ಮೊಟ್ಟೆ ಕೂರಿಸಬೇಡಿ. ಹಳೇ ಹುಂಜದ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು-ಮೂರು ವಾರ ಉಳಿಯುತ್ತೆ, ಲೆಕ್ಕ ಕೆಡುತ್ತೆ. ಇನ್ನೊಂದು, ಬೋಳು ಕತ್ತು ಅಂತ ಕೊಕ್ಕರೆ ರೋಗ ಬಿಡುವುದಿಲ್ಲ, ಲಸಿಕೆ ಹಾಕಿಸಲೇಬೇಕು.

ಆ ಐದರಲ್ಲಿ ಎರಡು ಹುಂಜ. ಒಂದನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದೆ.